ಮೂರನೇ ಟ್ಯಾಂಕಿನ ಬಾರೆಹಣ್ಣು

ಬೆಳಗಿನ ಐದೂವರೆ. ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವ ರಸ್ತೆ ಬದಿಯ ಚಿಕ್ಕ ವೈನ್ ಕಾರ್ಖಾನೆಯಲ್ಲಿ ಇನ್ನೂ ಯಾರೂ ಚಹಾ ಕುಡಿದಿಲ್ಲ. ಗಾದೆಮ್ಮನ ಕೆಲಸ ಮುಗಿಯುವ ತನಕ ಇಲ್ಲಿ ಒಲೆ ಹಚ್ಚುವಂತಿಲ್ಲ. ಚಹಾಪುಡಿಯ ವಾಸನೆ ಕೂಡ ಅವರ ಮೂಗಿಗೆ ಅಡ್ಡ ಬರುತ್ತದೆ. ಉಕ್ಕಿನ ಟ್ಯಾಂಕಿನ ನಲ್ಲಿ ತಿರುಗಿಸಿ, ಗಾಜಿನ ಲೋಟಕ್ಕೆ ಎರಡು ಬೆರಳಿನಷ್ಟು ಬಿಳಿ ವೈನ್ ಹಿಡಿದು, ಮೂಗಿನ ಹತ್ತಿರ ತಂದು ಕಣ್ಣು ಮುಚ್ಚುತ್ತಾರೆ. ಒಂದು ಗುಟುಕು ಬಾಯಿಗೆ ಹಾಕಿ, ಕೆನ್ನೆಯಿಂದ ಕೆನ್ನೆಗೆ ಹೊರಳಿಸಿ, ಕಾಲ ಬಳಿಯ ಬಕೆಟ್‌ಗೆ ಉಗುಳುತ್ತಾರೆ. ಆಮೇಲೆ ನಿನ್ನೆಯ ಒಣ ಜೋಳದ ರೊಟ್ಟಿಯ ಚೂರು, ಒಂದಿಷ್ಟು ಬೆಚ್ಚನೆಯ ನೀರು. ಮುಂದಿನ ಟ್ಯಾಂಕು.

"ಒಂದನೇದು ಚಪ್ಪಿ ಐತ್ರಿ. ಎರಡನೇದೂ ಅದರ ತಂಗೀನ," ಎನ್ನುತ್ತಾರೆ. ಮೂರನೇ ಟ್ಯಾಂಕಿನ ಮುಂದೆ ಮಾತ್ರ ಅವರ ಕಾಲು ನಿಂತುಬಿಡುತ್ತದೆ. ಲೋಟ ಮೂಗಿನಿಂದ ಕೆಳಗಿಳಿಯುವುದೇ ಇಲ್ಲ.

ಇವತ್ತು ತೀರ್ಪಿನ ದಿನ. ಮೂರನೇ ಟ್ಯಾಂಕಿನ ಒಂಬೈನೂರು ಲೀಟರ್ ವೈನನ್ನು ಬೇರೆಯಾಗಿಯೇ ಬಾಟ್ಲಿಗೆ ತುಂಬಬೇಕೋ, ಉಳಿದವುಗಳ ಜೊತೆ ಕೂಡಿಸಿಬಿಡಬೇಕೋ ಎಂಬುದು ಮಧ್ಯಾಹ್ನದೊಳಗೆ ನಿಕ್ಕಿಯಾಗಬೇಕು. ಹೇಳಬೇಕಾದವರು ಗಾದೆಮ್ಮ. ಅವರಿಗೋ, ಈ ಬಾರಿ ಹೇಳುವ ಮನಸ್ಸೇ ಇಲ್ಲ.

ಐವತ್ತೆರಡರ ಗಾದೆಮ್ಮ ಹದಿನೈದು ವರ್ಷದ ಹಿಂದೆ ಇಲ್ಲಿಗೆ ಬಂದದ್ದು ಟ್ಯಾಂಕು ತೊಳೆಯಲು. ಆಗ ರುಚಿ ನೋಡಲು ದೂರದಿಂದ ಪರಿಣತರೊಬ್ಬರು ಬರುತ್ತಿದ್ದರು. ಒಂದು ದಿನ ಕಸಬರಿಗೆ ಹಿಡಿದು ನಿಂತಿದ್ದ ಗಾದೆಮ್ಮ, "ಇದರಾಗ ತೊಯ್ದ ಗೋಣಿಚೀಲದ ವಾಸನಿ ಬರಾಕತ್ತೈತಿ" ಎಂದರು. ಪರಿಣತರು ನಕ್ಕರು. ಹಿತ್ತಲ ಗಿಡ ಮದ್ದಲ್ಲ, ನೋಡಿ. ಇಪ್ಪತ್ತು ದಿನಕ್ಕೆ ಆ ಟ್ಯಾಂಕು ಪೂರ್ತಿ ಮುಗ್ಗಿ ಚರಂಡಿ ಪಾಲಾಯಿತು. ಅಂದಿನಿಂದ ಕಾರ್ಖಾನೆಯ ಧಣಿ ವಿರೂಪಾಕ್ಷಿ ಯಾವ ಲೋಟವನ್ನೂ ಗಾದೆಮ್ಮನಿಗೆ ತೋರಿಸದೆ ಮುಂದೆ ಬಿಟ್ಟಿಲ್ಲ.

ಸುಗ್ಗಿಯ ದಿನಗಳಲ್ಲಿ ಎಂಟು ಗಂಟೆಯೊಳಗೆ ನಲವತ್ತು ಲೋಟ. ಬಿಸಿಲೇರಿದರೆ ನಾಲಿಗೆ ಸೋಲುತ್ತದೆ; ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎನ್ನುವ ಊರು ಇದು. ಸುಗ್ಗಿಯ ಎರಡು ತಿಂಗಳು ಮೆಣಸಿನಕಾಯಿ ಬಜ್ಜಿ ಮುಟ್ಟುವಂತಿಲ್ಲ. ಬಳ್ಳಾರಿ ಸೀಮೆಯಲ್ಲಿ ಹುಟ್ಟಿ ಬಜ್ಜಿ ಬಿಡುವುದೆಂದರೆ ಅದಕ್ಕಿಂತ ದೊಡ್ಡ ವ್ರತ ಯಾವುದಿದೆ? ಓಣಿಯ ಹೆಂಗಸರು ಮಾತ್ರ ಮೊದಮೊದಲು "ಸೆರೆ ಕಾರ್ಖಾನಿಯಾಕಿ" ಎಂದು ಮೂಗು ಮುರಿದರು. ಗಂಡ ಜಡೆಪ್ಪ ಅದಕ್ಕೆ ಇಟ್ಟುಕೊಂಡಿರುವ ಉತ್ತರ ಒಂದೇ: "ದಿನಾ ನಲವತ್ತು ಸಲ ಬಾಯಾಗ ಹಾಕ್ಕೊಂತಾಳ, ಒಂದು ಹನಿ ಗಂಟಲದಾಗ ಇಳಿಸಿಲ್ಲ. ಇಂಥಾ ಜಿಪುಣಿನ ನಾ ಎಲ್ಲೂ ಕಂಡಿಲ್ಲ."

ಅದು ನಿಜ. ಹದಿನೈದು ವರ್ಷದಲ್ಲಿ ಗಾದೆಮ್ಮ ಒಂದು ಗುಟುಕನ್ನೂ ನುಂಗಿಲ್ಲ.

ಇಲ್ಲಿ ತಯಾರಾಗುವುದು ದುಬಾರಿ ಮಾಲಲ್ಲ. ಬಿಳಿ ವೈನ್ ಬಾಟ್ಲಿಗೆ ನಾನೂರ ಎಂಬತ್ತು ರೂಪಾಯಿ, ಗುಳ್ಳೆ ಏಳುವ ವೈನ್ ಏಳುನೂರರ ಒಳಗೆ. "ಕಡಿಮಿ ರೇಟು ಅಂದ್ರ ಕಡಿಮಿ ರುಚಿ ಅಂತ ಯಾರು ಹೇಳ್ಯಾರ್ರಿ?" ಎಂದು ಗಾದೆಮ್ಮ ಗದರಿಸಿಯೇ ಕೇಳುತ್ತಾರೆ. "ಬಿಳೀದು ಬಾಯಿಗೆ ಬಿದ್ದ ಕೂಡ್ಲೆ ಜೊಲ್ಲು ಬರಬೇಕು. ಗುಳ್ಳಿದು ನಾಲಿಗಿ ಮ್ಯಾಲೆ ಸಣ್ಣಗ ಓಡಾಡಬೇಕು. ಗೋಲಿಸೋಡಾದಂಗ ಮೂಗಿಗೆ ಹೊಡೆದ್ರ ಅದಕಿಂತ ಸೋಡಾನ ಕುಡೀಬಹುದಲ್ಲ?"

ಅವರ ಮಾತುಗಳನ್ನೆಲ್ಲ ಬರೆದುಕೊಳ್ಳುವವರು ನೇತ್ರಾ. ಬಳ್ಳಾರಿ ನಗರದ ಈ ತರುಣಿ ವೈನ್ ತಯಾರಿಕೆ ಓದಿ ಬಂದವರು. ಮೂರನೇ ಟ್ಯಾಂಕಿನ ವಾಸನೆಗೆ ಪುಸ್ತಕದ ಪ್ರಕಾರ 'ಹಸಿರು ಸೇಬು' ಎಂದು ಬರೆದರು. ಗಾದೆಮ್ಮ ಹಸಿರು ಸೇಬನ್ನು ಕಂಡವರೇ ಅಲ್ಲ. ನೇತ್ರಾ ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಒಂದು ಹಣ್ಣು ತಂದುಕೊಟ್ಟರು. ಗಾದೆಮ್ಮ ಕಚ್ಚಿ, ಬಹಳ ಹೊತ್ತು ಅಗಿದು, ತಲೆಯಾಡಿಸಿದರು.

"ಇದಲ್ಲ ಬಿಡ್ರಿ ಮೇಡಂ. ಇದಕ ಹುಳಿ ಐತಿ, ಬಿಸಿಲು ಇಲ್ಲ. ಅದು ಬಾರಿಹಣ್ಣು. ಅರ್ಧ ಹಣ್ಣಾಗಿ ಅರ್ಧ ಕಾಯಿ ಇರತೈತಲ್ಲ, ಅದು."

ಗಾದೆಮ್ಮನ ತವರು ಬಳ್ಳಾರಿ ಪಕ್ಕದ ಸಂಗನಕಲ್ಲು. ಅವ್ವ ಸುಂಕಮ್ಮ ಗುಡ್ಡದ ಮುಳ್ಳು ಎಲಚಿಗಿಡಗಳಿಂದ ಬಾರೆಹಣ್ಣು ಆರಿಸಿ, ಬುಟ್ಟಿ ಹೊತ್ತು ಬ್ರೂಸ್‌ಪೇಟೆಗೆ ನಡೆದು, ಪಾವಿನಿಂದ ಅಳೆದು ಮಾರುತ್ತಿದ್ದರು. ಪಕ್ಕದಲ್ಲಿ ಗಾದೆಮ್ಮ. ಮಧ್ಯಾಹ್ನ ನಿದ್ದೆ ಬಂದರೆ ಅವ್ವನ ಉಡಿಯೊಳಗೆ ಮುಖ ಹುದುಗಿಸಿ ಮಲಗುವುದು. ಬಿಸಿಲಿಗೆ ಕಾದ ಸೀರೆ, ಅದರ ತುಂಬ ಬಾರೆಹಣ್ಣಿನ ಹುಳಿವಾಸನೆ. ಮಗಳಿಗೆ ಹನ್ನೊಂದು ತುಂಬುವುದರೊಳಗೆ ಜ್ವರ ಬಂದು ಅವ್ವ ಹೋದರು.

"ಅವ್ವಂದು ಒಂದು ಫೋಟೊ ಇಲ್ರಿ," ಎನ್ನುವಾಗ ಗಾದೆಮ್ಮನ ದನಿ ತಗ್ಗುತ್ತದೆ. "ಮಾರಿ ಮರ್ತು ಹೋಗೈತಿ. ಸುಳ್ಳು ಯಾಕ ಹೇಳ್ಲಿ? ವಾಸನಿ ಒಂದು ಉಳದೈತಿ. ಪ್ಯಾಟ್ಯಾಗ ಈಗ ಬರೋ ದೊಡ್ಡ ಬಾರಿಹಣ್ಣಿಗೆ ಅದು ಇಲ್ಲ. ಒಂಬತ್ತು ವರ್ಷದ ಹಿಂದ ಒಮ್ಮೆ ಈ ಟ್ಯಾಂಕಿನ್ಯಾಗ ಬಂದಿತ್ತು. ಆಮ್ಯಾಲ ಪ್ರತಿ ಸುಗ್ಗಿಗೂ ಹುಡುಕ್ತೀನಿ. ಬಂದಿದ್ದಿಲ್ಲ. ಈ ವರ್ಷ ಬಂತು."

ಏಳೂವರೆಗೆ ಮೇಜಿನ ಮೇಲೆ ಎರಡು ಲೋಟ. ಒಂದರಲ್ಲಿ ಬರೀ ಮೂರನೇ ಟ್ಯಾಂಕಿನದು, ಇನ್ನೊಂದರಲ್ಲಿ ಎಲ್ಲವನ್ನೂ ಕೂಡಿಸಿದ್ದು. ಯಾವುದು ಯಾವುದೆಂದು ಹೇಳಬಾರದೆಂಬುದು ನಿಯಮ. ಗಾದೆಮ್ಮನಿಗೆ ಹೇಳಬೇಕಾದ ಅಗತ್ಯವೂ ಇಲ್ಲ. ವಿರೂಪಾಕ್ಷಿ, ನೇತ್ರಾ ಇಬ್ಬರಿಗೂ ಮೂರನೆಯದನ್ನು ಬೇರೆಯಾಗಿ ತುಂಬುವ ಆಸೆ. ಸಾವಿರದ ಇನ್ನೂರು ಬಾಟ್ಲಿ ಆಗುತ್ತವೆ. ಗಾದೆಮ್ಮ ಹೂಂ ಎಂದರೆ ಸಾಕು, ಬಾರೆಹಣ್ಣಿನ ವಾಸನೆ ಒಂದಷ್ಟು ದಿನ ಈ ಭೂಮಿಯ ಮೇಲೆ ಉಳಿಯುತ್ತದೆ.

ಅವರು ಎರಡನ್ನೂ ಮೂಸಿದರು, ಎರಡನ್ನೂ ಉಗುಳಿದರು. ರೊಟ್ಟಿ ತಿಂದರು. ಮತ್ತೊಮ್ಮೆ ನೋಡಿದರು. ಬೆವರು ಒರೆಸಿಕೊಂಡರು.

"ಕೂಡಿಸ್ರಿ," ಎಂದರು ಕೊನೆಗೆ.

"ಅಕ್ಕಾ, ಮೂರನೇದು ನಿಮಗ ಎಷ್ಟು ಬೇಕಾದದ್ದು ಅಂತ ನನಗ ಗೊತ್ತೈತಿ," ಎಂದರು ನೇತ್ರಾ.

"ನನಗ ಬೇಕಾದದ್ದು. ಕೊಳ್ಳೋರಿಗೆ ಈ ವಾಸನಿ ಅವ್ವಂದು ಅಲ್ಲಲ್ಲ? ಇದನ್ನ ತೆಗೆದಿಟ್ರ ಉಳಿದದ್ದೆಲ್ಲಾ ಚಪ್ಪಿ ನೀರಾಗತೈತಿ. ದುಡಿದ ರೊಕ್ಕ ಕೊಟ್ಟು ಒಯ್ದಾವ ಏನು ಪಾಪ ಮಾಡ್ಯಾನ? ಇದು ಕೂಡಿದ್ರ ಎಲ್ಲಾ ಬಾಟ್ಲ್ಯಾಗೂ ಜೀವ ಬರತೈತಿ."

ವಿರೂಪಾಕ್ಷಿ, "ನಿನಗಂತ ಒಂದು ಬಾಟ್ಲಿ ತೆಗೆದಿಡಸ್ತೀನಿ, ಗಾದೆಮ್ಮ," ಎಂದರು.

"ಬ್ಯಾಡ್ರಿ ಧಣಿ. ಈ ವಾಸನಿ ವರ್ಷಕ್ಕ ಸಾಯತೈತಿ. ಬೂಚು ತೆಗೆದ ದಿನ ಅದು ಇಲ್ಲ ಅಂದ್ರ ನಾ ಇನ್ನೊಮ್ಮೆ ಅಳಬೇಕಾಗತೈತಿ." ಇಷ್ಟು ಚೆನ್ನಾಗಿ ಕಸುಬು ಕಲಿತದ್ದಕ್ಕೆ ಸಿಕ್ಕ ಸಂಬಳ ಇದು.

ಪಂಪು ಶುರುವಾಯಿತು. ಮೂರನೇ ಟ್ಯಾಂಕಿನ ವೈನ್ ಪೈಪಿನಲ್ಲಿ ಹರಿದು ದೊಡ್ಡ ಟ್ಯಾಂಕಿಗೆ ಬೀಳತೊಡಗಿತು. ನಲ್ಲಿಯಲ್ಲಿ ಉಳಿದ ಕೊನೆಯ ಎರಡು ಬೆರಳಿನಷ್ಟನ್ನು ಗಾದೆಮ್ಮ ಲೋಟಕ್ಕೆ ಹಿಡಿದು, ಕಣ್ಣು ಮುಚ್ಚಿ ಮೂಸಿ, ಬಾಯಿಗೆ ಹಾಕಿಕೊಂಡರು. ರೂಢಿಯಂತೆ ನೇತ್ರಾ ಬಕೆಟ್ಟನ್ನು ಅವರ ಕಾಲ ಬಳಿಗೆ ಸರಿಸಿದರು. ಗಾದೆಮ್ಮ ಬಗ್ಗಲಿಲ್ಲ. ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು.

"ಅಕ್ಕಾ, ನುಂಗಿಬಿಟ್ರಾ?"

ಸೆರಗಿನಿಂದ ತುಟಿ ಒರೆಸಿಕೊಂಡು ಗಾದೆಮ್ಮ ಹೇಳಿದರು:

"ಅವ್ವನ್ನ ಹೆಂಗ ಉಗುಳ್ಲಿ ಯವ್ವಾ?"