ಮಕ್ಕಳೆಷ್ಟು?

ನಮ್ಮಲ್ಲಿ ಪರಿಚಯವಾದ ಐದೇ ನಿಮಿಷಕ್ಕೆ ಕೇಳುವ ಪ್ರಶ್ನೆ ಒಂದಿದೆ: "ಮಕ್ಕಳೆಷ್ಟು?" ಮದುವೆಯಾದಾಗಿನಿಂದ ಕೇಳಿಸಿಕೊಂಡು ಕೇಳಿಸಿಕೊಂಡು ನನಗೆ ಸಾಕುಸಾಕಾಗಿತ್ತು. ಅಷ್ಟಾದರೂ ಬುದ್ಧಿ ಬಂತೇ? ತೊಂಬತ್ತರ ದಶಕದಲ್ಲಿ ಜರ್ಮನ್ ಪ್ರವಾಸಿಗಳಿಗೆ ಮೈಸೂರು ತೋರಿಸುವ ಗೈಡ್ ಆದಾಗ, ಬಸ್ಸು ಹತ್ತಿದವರೊಡನೆ ಮಾತು ಶುರುಮಾಡಲು ನಾನೂ ಅದೇ ಪ್ರಶ್ನೆಯನ್ನು ಹಿಡಿದುಕೊಂಡೆ.

ಬರುತ್ತಿದ್ದವರೆಲ್ಲ ಪಿಂಚಣಿದಾರರು. ಇಡೀ ಬಸ್ಸು ಹುಡುಕಿದರೂ ಒಂದು ಮಗು ಇರುತ್ತಿರಲಿಲ್ಲ. ಅರಮನೆಯ ಬಾಗಿಲಲ್ಲಿ ಬಗ್ಗಲಾಗದವರ ಷೂ ಲೇಸನ್ನು ನಾನೇ ನೆಲಕ್ಕೆ ಕೂತು ಬಿಚ್ಚುತ್ತಿದ್ದೆ. ಹೊರಗೆ ಒಂದೇ ಆಟೋದಲ್ಲಿ ತುರುಕಿಕೊಂಡು ಸ್ಕೂಲಿಗೆ ಹೋಗುವ ಮಕ್ಕಳು ಕಂಡರೆ ಸಾಕು, ಅಂಬಾರಿ ಕಂಡವರ ಹಾಗೆ ಕ್ಯಾಮೆರಾ ತೆಗೆಯುತ್ತಿದ್ದರು. ತಮ್ಮೂರಿನ ಶಾಲೆಗೆ ಮಕ್ಕಳಿಲ್ಲದೆ ಬೀಗ ಬಿತ್ತು ಎಂದು ಒಬ್ಬರು ಹೇಳಿದ್ದರು. ನೋಡಿಕೊಳ್ಳಲು ಮೊಮ್ಮಕ್ಕಳಿಲ್ಲ, ಕೈಯಲ್ಲಿ ಪಿಂಚಣಿ ಇದೆ, ದೇಶ ಸುತ್ತುತ್ತಾರೆ. ಅಲ್ಲಿ ತೊಟ್ಟಿಲು ತೂಗದೆ ಇದ್ದದ್ದಕ್ಕೆ ಇಲ್ಲಿ ನನಗೆ ಅನ್ನ. ಥೂ, ಇದೂ ಒಂದು ಸಂಪಾದನೆಯೇ ಅನ್ನಿಸುತ್ತಿತ್ತು.

ಒಂದು ಸಲ ಮುಂದಿನ ಸೀಟಿನ ಮುದುಕಿಯನ್ನು ಕೇಳಿದೆ. "ಒಂದೂ ಇಲ್ಲ," ಅಂದರು, ಊಟ ಆಯಿತು ಅನ್ನುವಷ್ಟು ಸಲೀಸಾಗಿ. "ನಿಮಗೆ?"

ಅಲ್ಲಿಯವರೆಗೆ ಬಸ್ಸಿನವರು ಯಾರೂ ನನ್ನನ್ನು ತಿರುಗಿ ಕೇಳಿರಲಿಲ್ಲ. "ಇಬ್ಬರು," ಅಂದುಬಿಟ್ಟೆ. "ಹುಡುಗಿಗೆ ಏಳು, ಹುಡುಗನಿಗೆ ನಾಲ್ಕು." ಹುಟ್ಟದೇ ಇದ್ದವರಿಗೆ ವಯಸ್ಸು ಬೇರೆ! ಪರಭಾಷೆಯಲ್ಲಿ ಹೇಳಿದ ಸುಳ್ಳು ತಟ್ಟುವುದಿಲ್ಲ ಅಂದುಕೊಂಡೆನೋ ಏನೋ.

ಮರುವರ್ಷ ಅದೇ ಊರಿನಿಂದ ಬಂದ ಗುಂಪಿನವರೊಬ್ಬರು ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟರು. ಆ ಮುದುಕಿ ಕಳಿಸಿದ್ದು. ಕೈಯಲ್ಲೇ ಹೆಣೆದ ಎರಡು ಪುಟ್ಟ ಸ್ವೆಟರು. ಮೈಸೂರಿನ ಚಳಿಗೆ ಅಷ್ಟು ದಪ್ಪದ ಉಲ್ಲನ್ ಹಾಕಿದರೆ ಮಕ್ಕಳು ಬೆವರಿ ಸಾಯಬೇಕು. ನಿಜ ಬರೆದು ತಿಳಿಸೋಣ ಎಂದು ಕಾಗದ ಹಿಡಿದು ಕೂತೆ. ಬರೆದದ್ದು, ಇಬ್ಬರಿಗೂ ಅಳತೆ ಸರಿಯಾಗಿದೆ ಎಂದು.

ಆಮೇಲೆ ವರ್ಷ ವರ್ಷವೂ ಬಂತು, ಪ್ರತಿಸಲ ಒಂದೊಂದು ಅಳತೆ ದೊಡ್ಡದು. ಕುವೆಂಪುನಗರದ ನಮ್ಮ ಮನೆಯ ಬೀರುವಿನಲ್ಲಿ ಒಂದು ಖಾನೆ ತುಂಬಿತು. ನಮ್ಮತ್ತೆ ಒಂದು ದಿನ ಬಾಗಿಲು ತೆಗೆದು ನೋಡಿ, "ಇದೆಲ್ಲಾ ಯಾರಿಗೆ ಕಣೇ? ದಸರಾ ಗೊಂಬೆಗೆ ತೊಡಿಸ್ತೀಯಾ?" ಅಂದರು.

"ಗಿರಾಕಿಗಳು ಕೊಟ್ಟಿದ್ದು, ಬಿಡಿ ಅತ್ತೆ," ಅಂದೆ.

"ಅವ್ರಿಗೇನು ಗೊತ್ತು ಪಾಪ, ನಿನ್ ಅಣೆಬರ," ಅಂತ ಬಾಗಿಲು ದೂಡಿ ಹೋದರು. ಎಷ್ಟು ಉರಿಯಿತೆಂದರೆ, ಅವತ್ತು ರಾತ್ರಿ ಬರೆದ ಕಾಗದದಲ್ಲಿ ಹುಡುಗಿಯನ್ನು ಸಂಗೀತದ ಪಾಠಕ್ಕೆ ಸೇರಿಸಿಬಿಟ್ಟೆ.

ಹೀಗೆ ಒಂಬತ್ತು ವರ್ಷ. ಎರಡು ಸಾವಿರದ ಇಸವಿಯ ಆಚೆ ಒಂದು ಚಳಿಗಾಲದಲ್ಲಿ, ಆ ಜರ್ಮನ್ ಮುದುಕಿಯ ಪಕ್ಕದ ಮನೆಯಾಕೆ ಕೋಲೂರಿಕೊಂಡು ಬಸ್ಸಿನಿಂದ ಇಳಿದು ನನ್ನನ್ನೇ ಹುಡುಕಿಕೊಂಡು ಬಂದರು. ಮುದುಕಿ ತೀರಿಕೊಂಡಿದ್ದರು. ಆಕೆ ನನ್ನ ಕೈಗಿಟ್ಟ ಕೊನೆಯ ಎರಡು ಸ್ವೆಟರುಗಳಲ್ಲಿ ಒಂದಕ್ಕೆ ತೋಳೇ ಇರಲಿಲ್ಲ.

"ಆಸ್ಪತ್ರೆಯಲ್ಲಿ ಮಲಗಿಕೊಂಡೇ ಹೆಣೆದಳು. ಮೈಸೂರಿನಲ್ಲಿ ನನಗೆ ಇಬ್ಬರು ಮೊಮ್ಮಕ್ಕಳಿದ್ದಾರೆ ಅಂತ ಡಾಕ್ಟರಿಗೆ, ನರ್ಸುಗಳಿಗೆ, ಎಲ್ಲರಿಗೂ ಹೇಳುತ್ತಿದ್ದಳು. ಅವರನ್ನು ನೋಡಿಕೊಂಡು ಬರುತ್ತೇನೆ ಅಂತ ನಾನು ಮಾತು ಕೊಟ್ಟಿದ್ದೇನೆ. ಕರೆದುಕೊಂಡು ಬನ್ನಿ," ಅಂದರು ಆಕೆ.

ಇನ್ನೊಂದು ಸುಳ್ಳು ಹೇಳಬಹುದಿತ್ತು. ಪರೀಕ್ಷೆ ಇದೆ, ಊರಲ್ಲಿಲ್ಲ, ಏನೋ ಒಂದು. ಆದರೆ ಆ ತೋಳಿಲ್ಲದ ಸ್ವೆಟರು ಹಿಡಿದುಕೊಂಡು ಸುಳ್ಳಿಗೆ ನಾಲಿಗೆ ಏಳಲಿಲ್ಲ. "ನನಗೆ ಮಕ್ಕಳಿಲ್ಲ," ಅಂದೆ. "ಯಾವತ್ತೂ ಇರಲಿಲ್ಲ."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವೆಟರುಗಳನ್ನು ನನ್ನ ಕೈಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡು, ಮಡಚಿ, ಬ್ಯಾಗಿಗೆ ಹಾಕಿಕೊಂಡರು. "ಊರಿಗೆ ಹೋಗಿ ಏನಂತ ಹೇಳಲಿ?" ಅಂತ ಮಾತ್ರ ಕೇಳಿದರು.

ಒಂಟಿ ಹೆಂಗಸೊಬ್ಬರನ್ನು ಒಂಬತ್ತು ವರ್ಷ ಅಜ್ಜಿ ಮಾಡಿಟ್ಟು, ಸತ್ತ ಮೇಲೆ, ಬಸ್‌ಸ್ಟಾಂಡಿನಂಥ ಜಾಗದಲ್ಲಿ ನಿಂತು, ಅವರ ಮೊಮ್ಮಕ್ಕಳನ್ನು ಕಿತ್ತುಕೊಂಡಿದ್ದೆ.