ಬೆಳಕಿಂಡಿಯ ಕಲ್ಲು

ಎಪ್ಪತ್ತರ ದಶಕದಲ್ಲಿ ಸಿಂದಗಿಯ ನಮ್ಮ ಮಣ್ಣಿನ ಮಾಳಿಗೆಮನೆಯಲ್ಲಿ ಒಲೆಯ ಹೊಗೆಗೆ ಇದ್ದದ್ದು ಒಂದೇ ದಾರಿ, ಅಡುಗೆಮನೆಯ ಮೇಲಿನ ಬೆಳಕಿಂಡಿ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುತ್ತಿದ್ದ ಅಪ್ಪನಿಗೆ ನಸುಕಿನ ಆ ಹೊಗೆಯಿಂದ ನಿದ್ದೆ ಕೆಡುತ್ತಿತ್ತು. ಒಂದು ದಿನ ಬೆಳಕಿಂಡಿಯ ಮೇಲೆ ಕಲ್ಲು ಎಳೆದು, ಸುತ್ತ ಮಣ್ಣು ಮೆತ್ತಿಬಿಟ್ಟ.

"ಹೊಗಿ ಎಲ್ಲಿಂದ ಹೋಗಬೇಕ್ರಿ?" ಎಂದಳು ಅವ್ವ.

"ಬಾಗಲಾ ಇಲ್ಲೇನು?" ಎಂದ ಅಪ್ಪ.

ಆ ಬಾಗಿಲು ಪಡಸಾಲೆಗಿತ್ತು. ಅಲ್ಲಿಗೆ ಹೊಗೆ ಬಂದರೆ ಅದಕ್ಕೂ ಬೈಗುಳ. ಅವ್ವ ಬಾಗಿಲು ಮುಚ್ಚಿಕೊಂಡು, ತೊಗರಿಕಟ್ಟಿಗೆಯ ಹೊಗೆಯಲ್ಲಿ ವರ್ಷಗಟ್ಟಲೆ ರೊಟ್ಟಿ ಬಡಿದಳು. ಕೆಮ್ಮಿ ಕೆಮ್ಮಿಯೇ ಸತ್ತಳು.

ಅವ್ವನ ದಿನಕರ್ಮ ಮುಗಿದು ನೆಂಟರೆಲ್ಲ ಹೋದ ಮೇಲೆ, ಅಪ್ಪ ಚಹಾಕ್ಕೆಂದು ಮೊದಲ ಸಲ ತಾನೇ ಒಲೆ ಹೊತ್ತಿಸಿದ. ಕಣ್ಣೊರೆಸುತ್ತ ಹೊರಗೋಡಿ, ಏಣಿ ಹತ್ತಿ, ಕಲ್ಲು ಕಿತ್ತೆಸೆದ. ಹೊಗೆ ಸರಸರನೆ ಮೇಲೇರಿತು.

ಚಹಾ ಕುದಿಯುವಷ್ಟು ಹೊತ್ತಿನ ಕೆಲಸ ಅದು.