ಹಳ್ಳದ ಕಡೆಯ ಗೋಡೆ

ಬಸವಕಲ್ಯಾಣದಿಂದ ಹುಮನಾಬಾದಿಗೆ ಸೊಸೆಯಾಗಿ ಬಂದಾಗ ನನಗೆ ಹದಿನೆಂಟು. ಮನೆ ಊರ ತಗ್ಗಿನಲ್ಲಿತ್ತು. ಹಿತ್ತಲು ದಾಟಿದರೆ ಹಳ್ಳ. ಯಜಮಾನರು ಶಾಲೆಯ ಮಾಸ್ತರರು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಅಷ್ಟು ಹೊತ್ತೂ ನನಗೆ ಜೊತೆ ಪಕ್ಕದ ಮನೆಯ ಅಕ್ಕ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಮಕ್ಕಳಿಲ್ಲದವಳು. ರೊಟ್ಟಿ ಬಡಿಯುವಾಗ ನನ್ನ ಕೈ ಹಿಡಿದು ತಿದ್ದಿದವಳು ಅವಳೇ.

ಒಂದು ಮಳೆಗಾಲ ಹಳ್ಳದ ನೀರು ಎರಡೂ ಮನೆಗಳ ಒಲೆಯವರೆಗೆ ಬಂತು. ಬೇಸಿಗೆಯಲ್ಲಿ ಯಜಮಾನರು ಕಲ್ಲಿನ ಗೋಡೆ ಕಟ್ಟಲು ನಿಂತರು. ಎರಡೂ ಹಿತ್ತಲು ಸೇರಿಸಿ ಕಟ್ಟೋಣವೆಂದು ಅಕ್ಕನ ಗಂಡನನ್ನು ಕೇಳಿದರು. ಅವರದು ಬಜಾರದಲ್ಲಿ ಬಟ್ಟೆ ಅಂಗಡಿ.

“ಅಂಗಡಿಗಿ ವಿಮಾ ಮಾಡ್ಸೀನ್ರಿ ಮಾಸ್ತರ್ರ, ಸಾಲ ಕೊಟ್ಟ ಬ್ಯಾಂಕಿನವರು ಬಿಡಲಿಲ್ಲ. ಈ ಮಣ್ಣಿನ ಮನಿಗಿ ಯಾರ್ ಮಾಡ್ತಾರ? ಬಿದ್ರ ಸರ್ಕಾರ ಏನರ ಕೊಡ್ತದ. ಕಟ್ಟಿ ಉಳಿಸ್ಕೊಂಡವರಿಗಿ ಯಾರ್ ಕೊಟ್ಟಾರ, ಹೇಳ್ರಿ?”

ಯಜಮಾನರು ತಾವೊಬ್ಬರೇ ಕಲ್ಲು ತರಿಸಿದರು. ನಮ್ಮ ಹಿತ್ತಲಿಗಷ್ಟೇ ಗೋಡೆ ಎದ್ದಿತು. ಅಕ್ಕ ಮಾತ್ರ ಗಂಡನ ಮಾತಿಗೆ ಕಿವಿಗೊಡದೆ, ದಿನವೂ ಸೆರಗು ಸಿಕ್ಕಿಸಿ ಬಂದು ನನ್ನೊಡನೆ ಕಲ್ಲು ಹೊತ್ತಳು.

ಎರಡು ವರ್ಷದ ಮೇಲೆ ಹಾಡಹಗಲೇ ಹಳ್ಳ ಉಕ್ಕಿತು. ನಮ್ಮ ಗೋಡೆಗೆ ಬಡಿದ ನೀರು ಹೊರಳಿ ಅವರ ಹಿತ್ತಲಿಗೆ ನುಗ್ಗಿದ್ದನ್ನು ಕಣ್ಣಾರೆ ಕಂಡೆ. ಓಡಿಹೋಗಿ ಅಕ್ಕನ ಕೈ ಹಿಡಿದು ಎಳೆತಂದೆ. ನಮ್ಮ ಹೊಸ್ತಿಲು ದಾಟುವಷ್ಟರಲ್ಲಿ ಅವರ ಹಿಂಗೋಡೆ ಕುಸಿಯಿತು.

“ಯಾಕ ಅಳಾಕತ್ತಿ?” ಎಂದು ಅವಳೇ ನನ್ನನ್ನು ಕೇಳಿದಳು.

“ನಮ್ಮ ಗ್ವಾಡಿಯಿಂದನೇ ಹಿಂಗಾಯ್ತಕ್ಕ.”

“ಆ ಕಲ್ಲು ನಾನೂ ಹೊತ್ತೀನಿ. ಸುಮ್ಮನಿರು.”

ಗಂಡ ಹೆಂಡತಿ ಇಬ್ಬರೂ ಹದಿನೈದು ದಿನ ನಮ್ಮಲ್ಲೇ ಇದ್ದರು. ಹೇಳಲು ನಾಚಿಕೆ, ಆದರೆ ಅಂಥ ಸುಖದ ದಿನಗಳು ನನಗೆ ಮತ್ತೆ ಬರಲಿಲ್ಲ.

ತಹಸೀಲ ಕಚೇರಿಯವರು ಬಂದು ಬಿದ್ದ ಮನೆಗಳನ್ನು ಬರೆದುಕೊಂಡರು. ನಮ್ಮದನ್ನು ನೋಡಿ, “ನಿಮ್ದು ಗಟ್ಟಿ ನಿಂತದಲ್ರಿ,” ಎಂದು ಮುಂದೆ ಹೋದರು. ಮನೆ ಬಿದ್ದವರಿಗೆಲ್ಲ ಊರ ಮೇಲುಗಡೆ, ಮನ್ನಾಏಖೇಳ್ಳಿ ರಸ್ತೆಯ ಕಡೆ ಜಾಗ ಸಿಕ್ಕಿತು. ಹೊಸ ಮನೆಯ ಬುನಾದಿ ಸೊಂಟದೆತ್ತರ ಇರಲೇಬೇಕೆಂದು ಸರ್ಕಾರದ ಷರತ್ತಿತ್ತು. ನೀರೇ ಏರದ ದಿಬ್ಬದ ಮೇಲೆ ಅಕ್ಕನ ಗಂಡ ಎತ್ತರದ ಕಲ್ಲುಕಟ್ಟೆ ಕಟ್ಟಿಸಿದರು. ತಗ್ಗಿನ ಓಣಿಯಲ್ಲಿ ನಾವು ಉಳಿದೆವು.

ನಡೆದರೆ ಅರ್ಧ ತಾಸಿನ ದಾರಿ. ಮೊದಮೊದಲು ಹೋಗಿ ಬರುತ್ತಿದ್ದೆವು. ಆಮೇಲೆ ನನಗೆ ಮಕ್ಕಳಾದರು, ಅವಳಿಗೆ ಮೊಣಕಾಲು ನೋವು ಬಂತು. ನನ್ನ ಮಧ್ಯಾಹ್ನಗಳು ಮಾತಿಲ್ಲದೆ ಕಳೆದವು.

ಒಮ್ಮೆ ಊಟಕ್ಕೆ ಬಡಿಸುತ್ತ, “ಗ್ವಾಡಿ ಕಟ್ಟದಿದ್ರ ನಾವೂ ಮ್ಯಾಲ ಅಕ್ಕನ ಮಗ್ಗುಲಕ್ಕೇ ಇರ್ತಿದ್ವಿ,” ಎಂದುಬಿಟ್ಟೆ.

ಯಜಮಾನರು ಮುರಿದ ರೊಟ್ಟಿಯನ್ನು ತಟ್ಟೆಗಿಟ್ಟು, “ನಿನ್ನ ಜೀವಕ್ಕಂತ ಕಟ್ಟೀನಿ,” ಎಂದರು. ನಾನು ಹಾಗೆ ಅಂದದ್ದಕ್ಕೆ ಇಂದಿಗೂ ನೊಂದುಕೊಳ್ಳುತ್ತೇನೆ.

ಆ ಬೇಸಿಗೆ ಅಕ್ಕ ಒಬ್ಬಳೇ ಬಂದಳು. ತನ್ನ ಮನೆಯಿದ್ದಲ್ಲಿ ಎದ್ದ ಜಾಲಿಯನ್ನು ನೋಡುತ್ತ, “ಆ ಹೊಸ ಮನ್ಯಾಗ ಎಲ್ಲಾ ಅದ. ಮಾತಾಡ್ಸೋರಿಲ್ಲ,” ಎಂದಳು. ವಾರಕ್ಕೊಮ್ಮೆ ಬರುತ್ತೇನೆಂದು ಮಾತು ಕೊಟ್ಟೆ. ಅವಳು ಬದುಕಿದ್ದಷ್ಟು ಕಾಲ ನಾನು ಹೋದದ್ದು ವರ್ಷಕ್ಕೊಮ್ಮೆ, ಕೆಲವು ವರ್ಷ ಅದೂ ಇಲ್ಲ.